ಸದ್ದಿಲ್ಲದ ಜಾಗ ಹುಡುಕುತ್ತಾ: ಪೆರೇಸಂದ್ರದಿಂದ ಗುಡಿಬಂಡೆಗೆ

ಬೆಂಗಳೂರಿನಿಂದ ಹೈದರಾಬಾದ್ ದಾರಿಯಲ್ಲಿ ಹೊರಟು ಚಿಕ್ಕಬಳ್ಳಾಪುರ ದಾಟಿದರೆ ಅರ್ಧ ಗಂಟೆಯೊಳಗೆ ಪೆರೇಸಂದ್ರ ಬರುತ್ತದೆ. ಕಾರಿನಲ್ಲಿ ಹೋಗುವವರಿಗೆ ಇದು ಗಾಜಿನಾಚೆ ಒಂದು ನಿಮಿಷ ಕಾಣಿಸಿ ಮರೆಯಾಗುವ ಊರು. ಗುಡಿಬಂಡೆಗೆ ತಿರುಗಬೇಕಾದವರು ಮಾತ್ರ ಇಲ್ಲಿ ವೇಗ ತಗ್ಗಿಸುತ್ತಾರೆ. ಜನರ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಹೊಲಗಳಲ್ಲಿ ರಾಗಿ, ಮುಸುಕಿನ ಜೋಳ, ಹಿಪ್ಪುನೇರಳೆ. ಸುತ್ತಲೂ ಬಂಡೆಗುಡ್ಡಗಳು. ಇಷ್ಟಕ್ಕೆ ಊರಿನ ವರ್ಣನೆ ಮುಗಿಯಿತೆಂದು ತಿಳಿಯಬೇಡಿ. ಈ ಊರಿನ ಮುಖ್ಯ ಲಕ್ಷಣ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ಅದು ಲಾರಿಗಳ ಸದ್ದು.

ನಾನು ಹತ್ತಿರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಐವತ್ತು ದಾಟಿ ನಾಲ್ಕು ವರ್ಷವಾಯಿತು. ನನ್ನ ಮನೆಗೂ ಹೆದ್ದಾರಿಗೂ ಇನ್ನೂರು ಹೆಜ್ಜೆಯ ಅಂತರ. ಹಗಲೆಲ್ಲ ಬಸ್ಸು, ಟ್ರ್ಯಾಕ್ಟರು. ರಾತ್ರಿ ಹನ್ನೆರಡರ ಮೇಲೆ ಹತ್ತು, ಹನ್ನೆರಡು, ಹದಿನಾಲ್ಕು ಚಕ್ರದ ಲಾರಿಗಳು. ಹಿಂದೆ ರಾಷ್ಟ್ರೀಯ ಹೆದ್ದಾರಿ 7 ಎಂದಿದ್ದ ಈ ದಾರಿಗೆ ಈಗ 44 ಎಂಬ ಸಂಖ್ಯೆ ಬಂದಿದೆ. ಸಂಖ್ಯೆಯ ಜೊತೆಗೆ ಸದ್ದೂ ಏರಿದೆ. ಇಂಥ ಮನೆಯಲ್ಲಿರುವವನಿಗೆ ಸಂಗೀತವನ್ನು ಸೂಕ್ಷ್ಮವಾಗಿ ಕೇಳುವ ಹವ್ಯಾಸ ಅಂಟಿಕೊಂಡರೆ ಏನು ಗತಿ? ಸದ್ದಿಲ್ಲದ ಜಾಗ ಹುಡುಕಿಕೊಂಡು ಅವನು ಊರಾಚೆ ಹೋಗಬೇಕು. ಹಾಗೆ ಹೊರಟ ಒಂದು ಭಾನುವಾರದ ಕಥೆ ಇದು.

ಸುರುಳಿಯಿಲ್ಲದ ಹೆಡ್‌ಫೋನು

ನನ್ನ ಹವ್ಯಾಸ ಹೆಡ್‌ಫೋನುಗಳದು. ಅದರಲ್ಲೂ ‘ಪ್ಲೇನರ್ ಮ್ಯಾಗ್ನೆಟಿಕ್’ ಎಂಬ ಬಗೆಯದು. ಹೆಸರು ದೊಡ್ಡದಾದರೂ ಅದರ ತತ್ವ ಹತ್ತನೇ ತರಗತಿಯ ಪಾಠವೇ. ಸಾಮಾನ್ಯ ಹೆಡ್‌ಫೋನಿನಲ್ಲಿ ಒಂದು ಪುಟ್ಟ ಸ್ಪೀಕರ್ ಇರುತ್ತದೆ. ತಟ್ಟೆಯಂಥ ತೆಳುಪೊರೆ, ಅದರ ಹಿಂಬದಿಗೆ ಅಂಟಿಸಿದ ತಂತಿಸುರುಳಿ, ಸುರುಳಿಗೆ ತಾಗದಂತೆ ಒಂದು ಅಯಸ್ಕಾಂತ. ವಿದ್ಯುತ್ ಹರಿದಾಗ ಸುರುಳಿ ಹಿಂದೆ ಮುಂದೆ ಅಲುಗಿ ಪೊರೆಯನ್ನು ನೂಕುತ್ತದೆ.

ಪ್ಲೇನರಿನಲ್ಲಿ ಈ ಸುರುಳಿ ಇಲ್ಲ. ಬಲು ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ತಾಮ್ರದ ಗೆರೆಗಳನ್ನು ಅಂಕುಡೊಂಕಾಗಿ ಮೂಡಿಸಿರುತ್ತಾರೆ. ಹಾಳೆಯ ಎರಡೂ ಬದಿಗೆ ಅಯಸ್ಕಾಂತದ ಪಟ್ಟಿಗಳ ಸಾಲು. ತಾಮ್ರದಲ್ಲಿ ವಿದ್ಯುತ್ ಹರಿದರೆ ಫ್ಲೆಮಿಂಗನ ಎಡಗೈ ನಿಯಮದಂತೆ ಹಾಳೆಯ ಬಹುಭಾಗ ಒಟ್ಟಿಗೇ ಅಲುಗುತ್ತದೆ. ಇದನ್ನು ತರಗತಿಯಲ್ಲಿ ತೋರಿಸುವುದು ಸುಲಭ. ಚಾಕೊಲೇಟಿಗೆ ಸುತ್ತಿದ ಅಲ್ಯೂಮಿನಿಯಂ ಹಾಳೆಯಿಂದ ಒಂದು ಪಟ್ಟಿ ಕತ್ತರಿಸಿ, ಎರಡು ಅಯಸ್ಕಾಂತಗಳ ನಡುವೆ ಸಡಿಲವಾಗಿ ಕಟ್ಟಿ, ಟಾರ್ಚಿನ ಸೆಲ್ಲನ್ನು ಒಂದು ಕ್ಷಣ ಮಾತ್ರ ತಾಗಿಸಿ. ಪಟ್ಟಿ ಮೇಲಕ್ಕೆ ಜಿಗಿಯುತ್ತದೆ. ಸೆಲ್ಲನ್ನು ತಿರುಗಿಸಿ ಹಿಡಿದರೆ ಕೆಳಕ್ಕೆ ಜಿಗಿಯುತ್ತದೆ. ಇದೇ ಕೆಲಸ ಸೆಕೆಂಡಿಗೆ ನೂರಾರು, ಸಾವಿರಾರು ಸಲ ನಡೆದರೆ ಅದು ಹೆಡ್‌ಫೋನು.

ಜಪಾನಿನ ಯಮಾಹ ಕಂಪೆನಿ 1976ರಲ್ಲೇ ಈ ಬಗೆಯ ಎಚ್‌ಪಿ-1 ಎಂಬ ಹೆಡ್‌ಫೋನನ್ನು ಹೊರತಂದಿತ್ತು. ಅದರ ರೂಪ ಇಟಲಿಯ ವಿನ್ಯಾಸಕಾರ ಮಾರಿಯೊ ಬೆಲ್ಲಿನಿಯದು. 2008ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಔಡೆಜ್, ಚೀನಾದ ಹೈಫೈಮ್ಯಾನ್ ಮೊದಲಾದ ಕಂಪೆನಿಗಳಿಂದ ಈ ಬಗೆ ಮತ್ತೆ ಹೆಸರಾಯಿತು. ಅವುಗಳಲ್ಲಿ ಹೆಚ್ಚಿನವು ಮೇಷ್ಟ್ರ ಸಂಬಳಕ್ಕೆ ಎಟುಕುವಂಥವಲ್ಲ. ನನ್ನಂಥವರಿಗೆ ಆಧಾರ ಜಪಾನಿನ ಫಾಸ್ಟೆಕ್ಸ್ ಕಂಪೆನಿಯ ಟಿ50ಆರ್‌ಪಿ. ಸ್ಟುಡಿಯೋ ಕೆಲಸಕ್ಕೆಂದು ಮಾಡಿದ ಸರಳ ವಸ್ತು. ನಾಲ್ಕು ಸ್ಕ್ರೂ ತೆಗೆದರೆ ಬಿಚ್ಚಿಕೊಳ್ಳುತ್ತದೆ. ಹೀಗಾಗಿ ಜಗತ್ತಿನ ನಾನಾ ಕಡೆಯ ಹವ್ಯಾಸಿಗಳು ಇದನ್ನು ಬಿಚ್ಚಿ, ತಿದ್ದಿ, ಮತ್ತೆ ಮುಚ್ಚುತ್ತಾ ಬಂದಿದ್ದಾರೆ.

ನಾನು ಇದರ ಮೂರನೆಯ ಮಾದರಿಯವು ಎರಡನ್ನು ಕೊಂಡೆ. ಒಂದು ಹೊಸದು, ಇನ್ನೊಂದು ಯಾರೋ ಬಳಸಿ ಮಾರಿದ್ದು. ಇರುವುದು ಒಂದೇ ತಲೆ, ಎರಡೇಕೆ ಎಂದು ಮನೆಯವರು ಕೇಳಿದರು. ಒಂದನ್ನು ತಿದ್ದಬೇಕು, ಇನ್ನೊಂದನ್ನು ಮುಟ್ಟದೆ ಹಾಗೇ ಇಡಬೇಕು. ಇಲ್ಲದಿದ್ದರೆ ತಿದ್ದಿದ್ದರಿಂದ ಏನಾಯಿತೆಂದು ತಿಳಿಯುವುದು ಹೇಗೆ? ವಿಜ್ಞಾನದಲ್ಲಿ ಇದಕ್ಕೆ ನಿಯಂತ್ರಿತ ಪ್ರಯೋಗ ಎನ್ನುತ್ತಾರೆ. ಮನೆಯಲ್ಲಿ ಬೇರೆ ಏನೋ ಅಂದರು, ಅದು ಇಲ್ಲಿ ಬೇಡ.

ಚಂದ್ರಿಕೆಯ ರೇಷ್ಮೆ

ವಾದ್ಯವನ್ನು ತಿದ್ದುವುದು ನಮಗೆ ಹೊಸತೇನಲ್ಲ. ಸಭೆಯ ಕೊನೆಯವರೆಗೂ ನಾದ ಮುಟ್ಟಬೇಕೆಂದು ಪಿಟೀಲು ಚೌಡಯ್ಯನವರು ನಾಲ್ಕು ತಂತಿಯ ವಾದ್ಯವನ್ನು ಏಳು ತಂತಿಯದಾಗಿ ಮಾಡಿಕೊಂಡರು. ಮೃದಂಗದವರು ಕಛೇರಿಗೆ ಮುಂಚೆ ಎಡಬದಿಗೆ ರವೆ ಕಲಸಿ ಹಚ್ಚುವುದನ್ನು ನೀವು ನೋಡಿರಬಹುದು. ಬಲಬದಿಯ ಮಧ್ಯದಲ್ಲಿ ಶಾಶ್ವತವಾದ ಕಪ್ಪು ಲೇಪವಿರುತ್ತದೆ. ಬರೀ ಚರ್ಮವನ್ನು ಬಿಗಿದು ಬಾರಿಸಿದರೆ ಅದರ ಉಪಸ್ವರಗಳು ಮೂಲಸ್ವರದ ಎರಡರಷ್ಟು, ಮೂರರಷ್ಟು ಎಂಬ ಲೆಕ್ಕಕ್ಕೆ ಕೂರುವುದಿಲ್ಲ. ಲೇಪದ ಭಾರ ಅವನ್ನು ಲೆಕ್ಕಕ್ಕೆ ಕೂರಿಸುತ್ತದೆ. ಸರ್ ಸಿ.ವಿ. ರಾಮನ್ ಇದನ್ನು 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಮತ್ತೆ ವಿವರವಾಗಿ ಬರೆದರು. ಎಲ್ಲಿ ಎಷ್ಟು ಭಾರ, ಎಲ್ಲಿ ಎಷ್ಟು ಮೆತ್ತೆ ಎಂಬುದು ನಾದವನ್ನು ನಿರ್ಧರಿಸುತ್ತದೆ. ಹೆಡ್‌ಫೋನ್ ತಿದ್ದುವುದೂ ಅಷ್ಟೇ.

ಮೊದಲ ಕೆಲಸ, ಭಾರ. ಪ್ಲಾಸ್ಟಿಕ್ ಬಟ್ಟಲು ತಾನೂ ಕಂಪಿಸಿ ಸದ್ದು ಕೂಡಿಸುತ್ತದೆ. ಅದರ ಒಳಗೋಡೆಗೆ ಮಕ್ಕಳು ಬೊಂಬೆ ಮಾಡುವ ಬಣ್ಣದ ಜಿಗುಟು ಮಣ್ಣನ್ನು ಒತ್ತಿದರೆ ಕಂಪನ ತಗ್ಗುತ್ತದೆ. ಎರಡನೆಯದು, ಮೆತ್ತೆ. ಹಾಳೆ ಮುಂದಕ್ಕೆ ಅಲುಗಿದಷ್ಟೇ ಹಿಂದಕ್ಕೂ ಅಲುಗುತ್ತದೆ. ಹಿಂದಕ್ಕೆ ಹೋದ ಧ್ವನಿ ಬಟ್ಟಲಿಗೆ ತಾಗಿ ವಾಪಸು ಬಂದು ಮುಂದಿನದರೊಡನೆ ಬೆರೆತು ಕೆಲವು ಸ್ವರಗಳನ್ನು ಉಬ್ಬಿಸುತ್ತದೆ, ಕೆಲವನ್ನು ಕುಗ್ಗಿಸುತ್ತದೆ. ಅಲ್ಲಿ ಹತ್ತಿಯಂಥದೇನಾದರೂ ತುಂಬಿದರೆ ಆ ಧ್ವನಿ ಅಲ್ಲೇ ಸೋರಿಹೋಗುತ್ತದೆ. ಮೂರನೆಯದು, ಗಾಳಿ. ಬಟ್ಟಲಿನ ಗಾಳಿಕಂಡಿಗಳ ಮೇಲೆ ಆಸ್ಪತ್ರೆಯ ಕಾಗದದ ಟೇಪು ಅಂಟಿಸಿದರೆ ತಗ್ಗುಸ್ವರ ಬದಲಾಗುತ್ತದೆ.

ಮೊದಲ ಸಲ ನಾನು ಮಾಡಿದ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಬೆಳಕು ಚೆನ್ನಾಗಿದೆಯೆಂದು ಮನೆ ಮುಂದಿನ ಜಗಲಿಯ ಮೇಲೆ ಹೆಡ್‌ಫೋನ್ ಬಿಚ್ಚಿದೆ. ಬೀಸುಗಾಳಿ ಒಂದಿಷ್ಟು ಮರಳು ತಂದು ಹಾಕಿತು. ಮುಚ್ಚಿ ಕೇಳಿದರೆ ತಗ್ಗುಸ್ವರದಲ್ಲಿ ಜೇನುನೊಣದಂಥ ಗುಂಯ್‌ಗುಡುವಿಕೆ. ಮತ್ತೆ ಬಿಚ್ಚಿದಾಗ ಅಯಸ್ಕಾಂತಕ್ಕೆ ಕಪ್ಪು ಮರಳು ಮೆತ್ತಿಕೊಂಡಿತ್ತು. ನಮ್ಮ ಸೀಮೆಯ ಬಂಡೆ ಸವೆದು ಆದ ಮರಳಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರಿನ ಕಣಗಳಿರುತ್ತವೆ. ಆರನೇ ತರಗತಿಯ ಮಕ್ಕಳಿಗೆ ಅಯಸ್ಕಾಂತ ಕೊಟ್ಟು ಹಳ್ಳದ ಮರಳಿನಿಂದ ಅದನ್ನು ಹೆಕ್ಕಿಸುವವನೇ ನಾನು, ನನಗೇ ಅದು ಹೊಳೆಯಲಿಲ್ಲ. ಅಂಟುಟೇಪಿನಿಂದ ಕಣಕಣವಾಗಿ ತೆಗೆಯಲು ಎರಡು ಸಂಜೆ ಹಿಡಿಯಿತು.

ಮೆತ್ತೆಗೆ ಏನು ಹಾಕುವುದೆಂದು ಯೋಚಿಸುತ್ತಿದ್ದಾಗ ನನ್ನ ಹತ್ತನೇ ತರಗತಿಯ ಹುಡುಗನೊಬ್ಬ ಒಂದು ಚೀಲ ತಂದುಕೊಟ್ಟ. ಅವರ ಮನೆಯಲ್ಲಿ ರೇಷ್ಮೆ ಸಾಕಣೆ. ಗೂಡು ಬಿಡಿಸಿಕೊಂಡ ಮೇಲೆ ಬಿದಿರಿನ ಚಂದ್ರಿಕೆಗೆ ನವಿರಾದ ಎಳೆಗಳು ಅಂಟಿಕೊಂಡಿರುತ್ತವೆ. ಸಾಮಾನ್ಯವಾಗಿ ಅದನ್ನು ಬೆಂಕಿ ತೋರಿಸಿ ಸುಟ್ಟುಬಿಡುತ್ತಾರೆ. ಹುಡುಗ ಅದನ್ನು ಬಿಡಿಸಿ ತಂದಿದ್ದ. ಸ್ಪೀಕರುಗಳ ಹೆಚ್ಚು ಸ್ವರದ ಗುಮ್ಮಟಗಳನ್ನು ರೇಷ್ಮೆ ಬಟ್ಟೆಯಿಂದ ಮಾಡುವುದುಂಟೆಂದು ನಾನೇ ಹಿಂದೊಮ್ಮೆ ತರಗತಿಯಲ್ಲಿ ಹೇಳಿದ್ದೆನಂತೆ. ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುವ ಗೂಡಿನ ಕಸ ಹೀಗೆ ನನ್ನ ಹೆಡ್‌ಫೋನಿನೊಳಗೆ ಸೇರಿತು. ನನಗಂತೂ ನಾದ ಬದಲಾಗಿಯೇ ಹೋಯಿತು ಎನ್ನಿಸಿತು. ವೀಣೆ ಇನ್ನಷ್ಟು ದುಂಡಗೆ, ಮೃದಂಗ ಇನ್ನಷ್ಟು ಗಂಭೀರ. ಹುಡುಗನೂ ಹೌದು ಸಾರ್ ಎಂದ.

ಮಾರನೆಯ ವಾರ ಅವನ ತಂದೆ ಶಾಲೆಗೆ ಬಂದರು.

“ಮೇಷ್ಟ್ರೇ, ಸೈನ್ಸು ಹೇಳ್ಕೊಡಿ ಅಂತ ಕಳಿಸಿದ್ರೆ ನಮ್ ಹುಡುಗನ್ಗೆ ಇದೇನು ಹುಚ್ಚು ಹತ್ಸಿದೀರಿ? ಹದಿನೈದು ಸಾವಿರದ್ದು ಬೇಕಂತೆ, ನೀವು ಇಟ್ಕೊಂಡಿರೋವಂಥದ್ದೇ. ಗೂಡಿನ ದುಡ್ಡೆಲ್ಲ ಅದಕ್ಕೇ ಹಾಕ್ಲಾ? ಬಸ್ಸಲ್ಲಿ ಹೋಗ್ವಾಗ ಬರ್ವಾಗ ಕಿವೀಲಿ ಏನೋ ಸಿಗಿಸ್ಕೊಂಡೇ ಇರ್ತಾನೆ. ಕೂಗಿದ್ರೆ ಕೇಳ್ಸೋದೇ ಇಲ್ಲ.”

ನನಗೆ ನಾಚಿಕೆಯಾಯಿತು. ಪರೀಕ್ಷೆಯ ವರ್ಷದ ಹುಡುಗ, ಮಳೆ ನಂಬಿದ ಮನೆ. “ಗೌಡ್ರೇ, ಭಾನುವಾರ ನೀವೂ ನಮ್ಮ ಜೊತೆ ಬನ್ನಿ. ತಿದ್ದಿದ್ದು ಯಾವುದು, ತಿದ್ದದ್ದು ಯಾವುದು ಅಂತ ಕಣ್ಣು ಕಟ್ಟಿ ಕೇಳಿಸೋಣ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ಹೇಳದಿದ್ರೆ ಅವನು ಆ ಮಾತೇ ಎತ್ತಬಾರದು” ಎಂದೆ. ಹುಡುಗ ಒಪ್ಪಿದ. ಸುಮ್ಮನೆ ನಾಣ್ಯ ಚಿಮ್ಮಿ ಉತ್ತರ ಹೇಳಿದರೆ ಹತ್ತರಲ್ಲಿ ಒಂಬತ್ತೋ ಹತ್ತೋ ಸರಿಯಾಗುವ ಸಂಭವ 1024ರಲ್ಲಿ 11 ಮಾತ್ರ. ಲೆಕ್ಕ ಬಲ್ಲ ಮಕ್ಕಳು ಮಾಡಿ ನೋಡಿ.

ಬಂಡೆಯ ಮರೆಯಲ್ಲಿ

ಈ ಹೆಡ್‌ಫೋನಿನ ಬಟ್ಟಲು ಅರೆತೆರೆದದ್ದು, ಹೊರಗಿನ ಸದ್ದು ಒಳಗೆ ಬರುತ್ತದೆ. ನಮ್ಮ ಮನೆಯಲ್ಲಿ ಹೋಲಿಕೆ ಮಾಡಿದರೆ ಲಾರಿಗಳನ್ನೇ ಹೋಲಿಸಿದಂತೆ. ಹಾಗಾಗಿ ಗುಡಿಬಂಡೆ ಬೆಟ್ಟ ಎಂದು ನಿಶ್ಚಯವಾಯಿತು. ಭಾನುವಾರ ಬೆಳಿಗ್ಗೆ ಐದೂವರೆಗೆ ಎರಡು ಬೈಕುಗಳಲ್ಲಿ ಹೊರಟೆವು. ನನ್ನ ಚೀಲದಲ್ಲಿ ಎರಡು ಹೆಡ್‌ಫೋನು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ನಾನೇ ಬೆಸುಗೆ ಹಾಕಿದ ಪುಟ್ಟ ಆಂಪ್ಲಿಫೈಯರು, 9 ವೋಲ್ಟಿನ ಎರಡು ಬ್ಯಾಟರಿ. ಗೌಡರ ಚೀಲದಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ.

ಪೆರೇಸಂದ್ರದಿಂದ ಗುಡಿಬಂಡೆಗೆ ಸುಮಾರು 15 ಕಿ.ಮೀ. ಹೆದ್ದಾರಿ ಬಿಟ್ಟು ಒಂದೆರಡು ಕಿಲೋಮೀಟರು ಹೋಗುವಷ್ಟರಲ್ಲಿ ಲಾರಿಗಳ ಮೊರೆತ ಬೆನ್ನ ಹಿಂದೆ ಉಳಿಯುತ್ತದೆ. ಇಬ್ಬದಿಗೆ ಹೊಲ, ನಡುನಡುವೆ ಹಿಪ್ಪುನೇರಳೆ ತೋಟ, ಒಂದರ ಮೇಲೊಂದು ಪೇರಿಸಿಟ್ಟಂಥ ಗುಂಡುಗಳು. ಊರು ಸಮೀಪಿಸಿದಂತೆ ಬೆಟ್ಟವೂ ಅದರ ಮೈಮೇಲಿನ ಕೋಟೆಯ ಸುತ್ತುಗಳೂ ಕಾಣುತ್ತವೆ. ಹಾವಳಿ ಬೈರೇಗೌಡನೆಂಬ ಪಾಳೇಗಾರ 17ನೇ ಶತಮಾನದಲ್ಲಿ ಕಟ್ಟಿಸಿದನೆಂದು ಹೇಳುವ ಏಳು ಸುತ್ತಿನ ಕೋಟೆ ಇದು. ಬಿದ್ದ ಮಳೆ ಹರಿದುಹೋಗದಂತೆ ಬಂಡೆಯ ಕೊಳಗಳಲ್ಲಿ ತುಂಬಿಸಿಕೊಂಡ ಜಾಣತನವನ್ನು ಹತ್ತುವಾಗಲೇ ನೋಡಬಹುದು. ಮೇಲಿನಿಂದ ಕಾಣುವ ಅಮಾನಿ ಬೈರಸಾಗರ ಕೆರೆ ಭಾರತದ ನಕ್ಷೆಯಂತಿದೆ ಎಂದು ನೋಡಲು ಬರುವವರು ಬಹಳ. ನೀರು ತುಂಬಿದಾಗ ಹೋಲಿಕೆ ಚೆನ್ನಾಗಿ ತಿಳಿಯುತ್ತದೆ.

ತುದಿಗೆ ಹೋದರೆ ಸದ್ದಿರುವುದಿಲ್ಲ ಎಂದುಕೊಂಡಿದ್ದೆ. ಲಾರಿ ಇರಲಿಲ್ಲ ನಿಜ, ಗಾಳಿ ಇತ್ತು. ಕೋಟೆಯ ಗೋಡೆಗೆ ತಾಗಿ ಅದು ಶಿಳ್ಳೆ ಹಾಕುತ್ತಿತ್ತು. ಸ್ವಲ್ಪ ಕೆಳಗಿಳಿದು ಎರಡು ದೊಡ್ಡ ಬಂಡೆಗಳ ನಡುವಿನ ಮರೆ ಹಿಡಿದೆವು. ಮೊಬೈಲಿನ ಡೆಸಿಬೆಲ್ ಮಾಪಕ ಅಲ್ಲಿ 35ರ ಆಸುಪಾಸು ತೋರಿಸಿತು. ನಮ್ಮ ಜಗಲಿಯಲ್ಲಿ ಹಗಲು ಹೊತ್ತು ಅದೇ ಮಾಪಕ 65 ತೋರಿಸುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ 10ಕ್ಕೆ ಧ್ವನಿಯ ಶಕ್ತಿ ಹತ್ತರಷ್ಟಾಗುತ್ತದೆ. ಎಂದರೆ 30ರ ಅಂತರ ಸಾವಿರದಷ್ಟು. ಮೊಬೈಲಿನ ಮಾಪಕ ಅಷ್ಟೇನೂ ಕರಾರುವಾಕ್ಕಲ್ಲ, ಆದರೆ ಹೋಲಿಕೆಗೆ ಸಾಕು.

ಪರೀಕ್ಷೆಗೆ ಮೊದಲು ಇನ್ನೊಂದು ಸಿದ್ಧತೆ ಬೇಕು. ಎರಡರಲ್ಲಿ ಒಂದು ಚೂರೇ ಚೂರು ಜೋರಾಗಿದ್ದರೂ ನಮಗೆ ಅದು ‘ಚೆನ್ನಾಗಿದೆ’ ಎನ್ನಿಸುತ್ತದೆ. ಜೋರು ಎಂದು ಹೊಳೆಯುವುದಿಲ್ಲ. ರೇಷ್ಮೆ ತುಂಬಿದ್ದರಿಂದ ಧ್ವನಿಯ ಮಟ್ಟ ಬದಲಾಗಿರುತ್ತದೆ. ಆದ್ದರಿಂದ ರಟ್ಟಿನ ಬಿಲ್ಲೆಗೆ ತೂತು ಮಾಡಿ, ಮೊಬೈಲಿನ ಮೈಕನ್ನು ಅಲ್ಲಿಟ್ಟು, ಎರಡೂ ಹೆಡ್‌ಫೋನಿನಲ್ಲಿ ಒಂದೇ ಸ್ವರ ನುಡಿಸಿ ಮಟ್ಟ ಸರಿಮಾಡಿಕೊಂಡೆವು. ಆಮೇಲೆ ನನ್ನ ಕಣ್ಣಿಗೆ ಟವೆಲು ಕಟ್ಟಿಸಿಕೊಂಡೆ. ಗೌಡರೇ ಪರೀಕ್ಷಕರು. ಅವರು ಒಂದು ರೂಪಾಯಿ ಚಿಮ್ಮಿ, ರಾಜಮುದ್ರೆ ಬಿದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದನ್ನು ತಲೆಗೆ ತೊಡಿಸಬೇಕು. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯ ಅದೇ ಒಂದು ನಿಮಿಷ. ಹತ್ತು ಸಲ ಆಯಿತು. ಒಂಬತ್ತು ಸರಿ! ನಾನು ಟವೆಲು ಬಿಚ್ಚಿ ಗೆದ್ದವನ ಹಾಗೆ ನಕ್ಕೆ.

ಗೌಡರು ನಗಲಿಲ್ಲ. ಎರಡೂ ಕೈಯಲ್ಲಿ ಒಂದೊಂದು ಹೆಡ್‌ಫೋನ್ ಹಿಡಿದು ತಕ್ಕಡಿಯ ಹಾಗೆ ಏರಿಳಿಸಿದರು. “ಮೇಷ್ಟ್ರೇ, ನೀವು ಚೆನ್ನಾಗೈತೆ ಅಂದಿದ್ದೆಲ್ಲ ಭಾರ ಇರೋದನ್ನೇ. ತಲೆ ಮೇಲೆ ಇಟ್ಟ ತಕ್ಷಣ ನಿಮಗೆ ಗೊತ್ತಾಗಿರುತ್ತೆ. ಗೂಡು ತೂಗೋರ ಮುಂದೆ ಇದು ನಡಿಯಲ್ಲ.”

ಒಳಗೆ ಒತ್ತಿದ ಮಣ್ಣು ಸುಮಾರು 50 ಗ್ರಾಂ ಇತ್ತು. ನನ್ನ ಮೂವತ್ತು ವರ್ಷದ ಮೇಷ್ಟ್ರಗಿರಿಗೆ ಹೊಳೆಯದ್ದು ಅವರಿಗೆ ಹತ್ತು ನಿಮಿಷದಲ್ಲಿ ಹೊಳೆದಿತ್ತು. ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದೆಂದು ಜೀವನವಿಡೀ ಕಲಿಸಿದ ಡಾ. ಎಚ್. ನರಸಿಂಹಯ್ಯನವರು ಹುಟ್ಟಿದ ಹೊಸೂರು ಇದೇ ಸೀಮೆಯ ಗೌರಿಬಿದನೂರು ತಾಲ್ಲೂಕಿನದು. ಅವರಿದ್ದಿದ್ದರೆ ಗೌಡರ ಬೆನ್ನು ತಟ್ಟುತ್ತಿದ್ದರು. ಉಳಿದ ಮಣ್ಣಿನ ಎರಡು ಉಂಡೆಗಳನ್ನು ತಿದ್ದದ ಹೆಡ್‌ಫೋನಿನ ಪಟ್ಟಿಗೆ ಕಟ್ಟಿ ತೂಕ ಸಮ ಮಾಡಿ ಮತ್ತೆ ಕುಳಿತೆ. ಈ ಸಲ ಹತ್ತರಲ್ಲಿ ಆರು. ನಾಣ್ಯ ಚಿಮ್ಮಿ ಹೇಳಿದಂತೆಯೇ.

ಹುಡುಗನ ಸರದಿ. ಒಂಬತ್ತು ಸರಿ. ತೂಕ ಸಮವಾಗಿತ್ತು, ಮಟ್ಟ ಸಮವಾಗಿತ್ತು. “ಸಾರ್, ಉಗುರು ತಂತಿಗೆ ತಾಗೋ ಸದ್ದು ಒಂದರಲ್ಲಿ ಚುಚ್ಚುತ್ತೆ, ರೇಷ್ಮೆ ಹಾಕಿರೋದರಲ್ಲಿ ಚುಚ್ಚಲ್ಲ” ಎಂದ. ನಾನು ಆ ಸದ್ದಿಗೆಂದೇ ಕಿವಿಗೊಟ್ಟು ಕೇಳಿದೆ. ಯಾವುದರಲ್ಲೂ ಅದು ಇರಲಿಲ್ಲ. “ಇನ್ನೊಂದು ಮಾತು ಸಾರ್. ನೀವು ಕನ್ನಡಕ ತೆಗೆದು ಕೇಳಿ” ಎಂದ. ತೆಗೆದೆ. ಮೃದಂಗದ ತಗ್ಗುನಾದ ತುಂಬಿಕೊಂಡು ಬಂತು! ಕನ್ನಡಕದ ಕಡ್ಡಿ ಮೆತ್ತೆಯನ್ನು ಎತ್ತಿ ಹಿಡಿದು, ಆ ಸಂದಿನಲ್ಲಿ ತಗ್ಗುಸ್ವರವೆಲ್ಲ ಸೋರುತ್ತಿತ್ತು. ತಿಂಗಳುಗಟ್ಟಲೆ ಮಣ್ಣು, ರೇಷ್ಮೆ, ಟೇಪು ಎಂದು ಮಾಡಿದ್ದಕ್ಕಿಂತ ಹೆಚ್ಚಿನ ಬದಲಾವಣೆ ನನಗೆ ಕನ್ನಡಕ ತೆಗೆದಾಗ ಕೇಳಿಸಿತು.

ನಾಲ್ಕು ಸಾವಿರ

ಉಗುರಿನ ಸದ್ದು ನನಗೇಕೆ ಕೇಳಲಿಲ್ಲ? ಮೊಬೈಲಿನಿಂದ ಬೇರೆ ಬೇರೆ ಆವೃತ್ತಿಯ ಸ್ವರಗಳನ್ನು ಮೆಲ್ಲಗೆ ನುಡಿಸುತ್ತಾ ಹೋದೆವು. ಹುಡುಗ 16,000 ಹರ್ಟ್ಜ್ ತನಕ ಕೈ ಎತ್ತಿದ. ನಾನು 10,000ಕ್ಕೆ ನಿಂತೆ. ಇದು ವಯಸ್ಸಿನ ಧರ್ಮ, ಮೇಲಿನ ಸ್ವರಗಳು ಮೊದಲು ಹೋಗುತ್ತವೆ.

ಗೌಡರಿಗೂ ಕೇಳಿಸಿದೆವು. 1,000 ಕೇಳಿತು, 2,000 ಕೇಳಿತು. 4,000ಕ್ಕೆ ಅವರು ಸುಮ್ಮನೆ ಕುಳಿತಿದ್ದರು. “ಹಾಕಿ ಮೇಷ್ಟ್ರೇ” ಎಂದರು. ಸ್ವರ ಆಗಲೇ ನುಡಿಯುತ್ತಿತ್ತು. ಹುಡುಗ ನನ್ನ ಮುಖ ನೋಡಿದ. ಗೌಡರು ನನಗಿಂತ ಐದಾರು ವರ್ಷ ಚಿಕ್ಕವರು.

ನಮ್ಮ ಒಳಗಿವಿಯ ಶಂಖದಂಥ ಭಾಗದಲ್ಲಿ ಸುಮಾರು 15,000 ಕೂದಲುಕೋಶಗಳಿವೆ. ಧ್ವನಿಯ ಅಲುಗಾಟವನ್ನು ನರದ ಸಂಕೇತವಾಗಿ ಮಾಡುವವು ಇವೇ. ಹುಟ್ಟುವಾಗ ಬಂದದ್ದಷ್ಟೇ, ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಎಡೆಬಿಡದ ಜೋರು ಸದ್ದಿನ ಪೆಟ್ಟು ಮೊದಲು ಬೀಳುವುದು ಸಾಮಾನ್ಯವಾಗಿ 4,000 ಹರ್ಟ್ಜಿನ ಸುತ್ತಮುತ್ತ. ‘ಸ’, ‘ಶ’, ‘ಚ’ದಂಥ ಅಕ್ಷರಗಳ ಮೊನಚು ಇರುವುದು ಆ ಎತ್ತರದಲ್ಲೇ. ಆದ್ದರಿಂದ ಇಂಥವರಿಗೆ ಯಾರೋ ಮಾತಾಡಿದ್ದು ಕೇಳುತ್ತದೆ, ಏನೆಂದದ್ದು ಸ್ಪಷ್ಟವಾಗುವುದಿಲ್ಲ. ಗೌಡರು ಇಪ್ಪತ್ತು ವರ್ಷದಿಂದ ಟ್ರ್ಯಾಕ್ಟರ್ ಓಡಿಸುತ್ತಿದ್ದಾರೆ. ಸುಗ್ಗಿಯಲ್ಲಿ ರಾಗಿ ಬಡಿಯುವ ಯಂತ್ರದ ಪಕ್ಕದಲ್ಲಿ ನಿಲ್ಲುತ್ತಾರೆ.

ರೊಟ್ಟಿ ತಿಂದು ತುದಿಯ ರಾಮಲಿಂಗೇಶ್ವರನ ಗುಡಿಯವರೆಗೆ ಹತ್ತಿದೆವು. ಗೌಡರು ಮಾತಾಡಲಿಲ್ಲ. ಅವರ ಮನಸ್ಸು ಬೇರೆಡೆಗೆ ಹೊರಳಲೆಂದು ಪಶ್ಚಿಮದತ್ತ ಕೈ ತೋರಿಸಿ ಗೌರಿಬಿದನೂರಿನ ವಿಷಯ ಹೇಳಿದೆ. ಭಾಭಾ ಅಣು ಸಂಶೋಧನಾ ಕೇಂದ್ರದವರು 1965ರಿಂದ ಅಲ್ಲಿ ಭೂಮಿಗೆ ಕಿವಿಗೊಟ್ಟು ಕುಳಿತಿದ್ದಾರೆ. ಇಂಗ್ಲಿಷಿನ ಎಲ್ ಅಕ್ಷರದಂತೆ ಎರಡು ಸಾಲಿನಲ್ಲಿ ಮೈಲುಗಟ್ಟಲೆ ಹರಡಿದ 20 ಕಂಪನಮಾಪಕಗಳು ಅಲ್ಲಿನವು. ದೂರದ ದೇಶದಲ್ಲಿ ನೆಲದಡಿ ಅಣುಬಾಂಬು ಸಿಡಿದರೆ ಇಲ್ಲಿ ತಿಳಿಯಲೆಂದು ಮಾಡಿದ ಏರ್ಪಾಡು. ಅಂಥ ಕಂಪನಮಾಪಕದಲ್ಲೂ ಇರುವುದು ಸುರುಳಿ ಮತ್ತು ಅಯಸ್ಕಾಂತ, ಕೆಲಸ ಮಾತ್ರ ಹೆಡ್‌ಫೋನಿಗೆ ತಿರುಗುಮುರುಗು. ಇಲ್ಲಿ ವಿದ್ಯುತ್ತಿನಿಂದ ಅಲುಗಾಟ, ಅಲ್ಲಿ ಅಲುಗಾಟದಿಂದ ವಿದ್ಯುತ್ತು. ಗಟ್ಟಿ ಬಂಡೆ, ಕಡಿಮೆ ಗದ್ದಲ ಇರುವೆಡೆಯಲ್ಲೇ ಇಂಥ ಉಪಕರಣ ಇಡಬೇಕು. 1970ರ ದಶಕದಲ್ಲಿ ಅದೇ ಗೌರಿಬಿದನೂರಿನ ಬಳಿ ಆಕಾಶದ ರೇಡಿಯೋ ಅಲೆಗಳನ್ನು ಹಿಡಿಯಲು ಸಾವಿರ ಆಂಟೆನಾಗಳ ದೂರದರ್ಶಕವನ್ನೂ ಕಟ್ಟಿದರು. ಕೇಳುವ ಕೆಲಸಕ್ಕೆ ವಿಜ್ಞಾನಿಗಳು ನಮ್ಮ ಸೀಮೆಯನ್ನು ಆರಿಸಿಕೊಂಡರು ಎಂದು ಹೆಮ್ಮೆಯಿಂದಲೇ ಹೇಳಿದೆ.

ಇಳಿಯುವಾಗ ಗೌಡರು ಒಂದು ಮೆಟ್ಟಿಲ ಮೇಲೆ ನಿಂತರು. “ಮೇಷ್ಟ್ರೇ, ನಾಲ್ಕನೇ ಜ್ವರ ಎದ್ದ ಹುಳ ಸೊಪ್ಪು ಮೇಯ್ವಾಗ ಒಂದು ಸದ್ದು ಬರುತ್ತೆ. ಮಳೆ ಬಂದಂಗೆ. ನಮ್ಮಪ್ಪ ಆ ಸದ್ದು ಕೇಳೇ ಬೆಳೆ ಹೆಂಗೈತೆ ಅಂತ ಹೇಳೋರು. ನಾಕೈದು ವರ್ಷದಿಂದ ನನಗೆ ಅದು ಕೇಳ್ಸಿಲ್ಲ. ಈಗಿನ ತಳಿ ಸದ್ದು ಮಾಡದೆ ಮೇಯ್ತಾವೆ ಅಂತ ಅಂದ್ಕೊಂಡಿದ್ದೆ.”

ಹುಳುಮನೆ

ಗೌಡರ ಊರು ಗುಡಿಬಂಡೆಗೂ ಪೆರೇಸಂದ್ರಕ್ಕೂ ನಡುವೆ, ದಾರಿಯಿಂದ ಸ್ವಲ್ಪ ಒಳಗೆ. ಬರುವಾಗ ಅಲ್ಲಿ ಇಳಿದೆವು. ನಾಲ್ಕನೇ ಜ್ವರ ಎದ್ದು ಮೂರು ದಿನವಾದ ಹುಳುಗಳು. ಮನೆಯವರು ಆಗತಾನೆ ಸೊಪ್ಪು ಹಾಕಿದ್ದರು. ಬಾಗಿಲು ದಾಟುತ್ತಲೇ ನನಗೂ ಕೇಳಿಸಿತು: ಹೆಂಚಿನ ಮೇಲೆ ತುಂತುರು ಬಿದ್ದ ಹಾಗೆ, ನಿಲ್ಲದ ಸಣ್ಣ ಸದ್ದು. ಗೌಡರು ನಮ್ಮಿಬ್ಬರ ಮುಖವನ್ನೇ ನೋಡುತ್ತಾ ನಿಂತಿದ್ದರು.

ಯಾರೂ ಹೇಳದೆ ಹುಡುಗ ಮೊಬೈಲನ್ನು ತಟ್ಟೆಯ ಅಂಚಿನಲ್ಲಿಟ್ಟು ಎರಡು ನಿಮಿಷ ಧ್ವನಿ ಮುದ್ರಿಸಿದ. ನನ್ನ ಆಂಪ್ಲಿಫೈಯರಿಗೆ ಸಿಕ್ಕಿಸಿ, ಒಟ್ಟು ಧ್ವನಿಯನ್ನು ಏರಿಸದೆ ಮೇಲಿನ ಸ್ವರಗಳನ್ನಷ್ಟೇ ಸ್ವಲ್ಪ ಎತ್ತಿ, ರೇಷ್ಮೆ ಹಾಕದ ಹೆಡ್‌ಫೋನನ್ನು ಅಪ್ಪನ ತಲೆಗೆ ತೊಡಿಸಿದ. ಇದೇ ಸರಿಯೆಂದು ಅವನೇ ಆರಿಸಿದ್ದ. ಚುಚ್ಚುವ ಸ್ವರ ಇರುವುದು ಅದರಲ್ಲೇ ತಾನೆ?

ಗೌಡರು ಬಹಳ ಹೊತ್ತು ಅಲುಗಲಿಲ್ಲ. ಆಮೇಲೆ “ಮಳೆ ಬಂದಂಗೈತೆ ಕಣೋ” ಎಂದರು.

ನಮ್ಮ ಬೆಟ್ಟದ ಪರೀಕ್ಷೆ ವೈದ್ಯರ ಪರೀಕ್ಷೆಯಲ್ಲ. ಚಿಕ್ಕಬಳ್ಳಾಪುರಕ್ಕೆ ಹೋಗಿ ಶ್ರವಣತಜ್ಞರಿಂದ ಸರಿಯಾಗಿ ನೋಡಿಸಬೇಕೆಂದು ಒತ್ತಾಯಿಸಿದೆ. ಹೋದರು. ಎರಡೂ ಕಿವಿಯಲ್ಲಿ 4,000 ಹರ್ಟ್ಜಿನ ಬಳಿ ನಕ್ಷೆ ಹಳ್ಳ ಬಿದ್ದಿತ್ತು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರಂತೆ. ಈಗ ಟ್ರ್ಯಾಕ್ಟರಿನ ಸೀಟಿನ ಪಕ್ಕ ಕಿವಿಗವುಸು ನೇತಾಡುತ್ತದೆ. ಊರವರು ಗೌಡರು ಹಾಡು ಕೇಳುತ್ತಾ ಉಳುತ್ತಾರೆ ಎಂದು ನಗುತ್ತಾರಂತೆ.

ಹುಡುಗ ಪಂದ್ಯ ಗೆದ್ದಿದ್ದ, ಆದರೆ ಹೆಡ್‌ಫೋನಿನ ಮಾತೆತ್ತಲಿಲ್ಲ. ಒಂದು ದಿನ ಬಸ್ಸಿನಲ್ಲಿ ತಾನು ಕೇಳುವ ಮಟ್ಟವನ್ನು ರಟ್ಟಿನ ಬಿಲ್ಲೆಯಲ್ಲಿ ಅಳೆದುಕೊಂಡು ಬಂದ. 92! ಬಸ್ಸಿನ ಗದ್ದಲವನ್ನು ಮೀರಿಸಲು ಏರಿಸುತ್ತಾ ಹೋಗಿದ್ದ. ಇಲ್ಲಿ ವಿದ್ಯಾರ್ಥಿಗಳು ಒಂದು ಲೆಕ್ಕ ನೆನಪಿಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಮಕ್ಕಳಿಗೆ ಆ ಮಟ್ಟ 75. ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧವಾಗುತ್ತದೆ. 92ಕ್ಕೆ ದೊಡ್ಡವರಿಗೇ ವಾರಕ್ಕೆ ಎರಡೂವರೆ ಗಂಟೆ, ಅಷ್ಟೇ. ಹುಡುಗನ ಬಸ್ ಪ್ರಯಾಣ ದಿನಕ್ಕೆ ಒಂದೂವರೆ ಗಂಟೆ. ಈಗ ಬಸ್ಸಿನಲ್ಲಿ ಏನೂ ಸಿಕ್ಕಿಸಿಕೊಳ್ಳುವುದಿಲ್ಲವಂತೆ. ಭಾನುವಾರ ನಮ್ಮ ಮನೆಗೆ ಬಂದು ನನ್ನವೇ ಎರಡರಲ್ಲಿ ಒಂದನ್ನು ಹಾಕಿಕೊಳ್ಳುತ್ತಾನೆ. ಎರಡೇಕೆ ಎಂದು ಮನೆಯವರು ಈಗ ಕೇಳುವುದಿಲ್ಲ.

ಗುಡಿಬಂಡೆಗೆ ಹೋಗಬಯಸುವವರು ಚಿಕ್ಕಬಳ್ಳಾಪುರದ ಮೇಲೆ ಬಂದು ಪೆರೇಸಂದ್ರದಲ್ಲಿ ತಿರುಗಿಕೊಳ್ಳಿ. ಬಿಸಿಲೇರುವ ಮುನ್ನ ಹತ್ತುವುದು ಒಳ್ಳೆಯದು. ನೀರು, ತಿಂಡಿ ಜೊತೆಗಿರಲಿ. ಮೇಲೆ ಹೋದಾಗ ಮೊಬೈಲಿನ ಹಾಡು ನಿಲ್ಲಿಸಿ, ಗಾಳಿ ತಾಗದ ಬಂಡೆಯ ಮರೆಯಲ್ಲಿ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಏನೇನು ಕೇಳಿಸಿತೆಂದು ಮಕ್ಕಳು ಒಂದು ಹಾಳೆಯಲ್ಲಿ, ತಂದೆ ತಾಯಿ ಇನ್ನೊಂದರಲ್ಲಿ, ಒಬ್ಬರದನ್ನೊಬ್ಬರು ನೋಡದೆ ಬರೆಯಿರಿ. ಇಳಿಯುವ ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.